ಮಾರುವೇಷದ ಧರ್ಮ

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ವರನ ಜಮೀನನ್ನು ಹಿಗ್ಗಿಸಿ ಹೇಳಿದ್ದನ್ನೂ, ಕನ್ಯೆಯ ವಯಸ್ಸನ್ನು ಕುಗ್ಗಿಸಿ ಹೇಳಿದ್ದನ್ನೂ, ಜಾತಕದಲ್ಲಿ ಕೂಡದ ಗುಣಗಳನ್ನು ಕೂಡಿಸಿ ತೋರಿಸಿದ್ದನ್ನೂ ಮಂಗಳಕಾರ್ಯದ ಹೆಸರಿನಲ್ಲಿ ಲೋಕವು ಮನ್ನಿಸುತ್ತ ಬಂದಿದೆ. ಲೋಕವೇಕೆ, ಮಹಾಭಾರತವೇ ಅಸತ್ಯವು ದೋಷವೆನಿಸದ ಸಂದರ್ಭಗಳನ್ನು ಎಣಿಸುವಾಗ ವಿವಾಹಕಾಲವನ್ನು ಅವುಗಳಲ್ಲೊಂದಾಗಿ ಹೇಳಿದೆ. ಮದುವೆಯನ್ನು ಕಟ್ಟುವ ಸಾವಿರ ಸುಳ್ಳಿಗೆ ಇಷ್ಟು ಉದಾರವಾದ ಕ್ಷಮೆ ದೊರೆಯುವುದಾದರೆ, ಒಲ್ಲದ ಮದುವೆಯಿಂದ ಬಿಡಿಸಿಕೊಳ್ಳುವುದಕ್ಕಾಗಿ ಒಬ್ಬ ಹೆಣ್ಣುಮಗಳು ಒಂದು ದಿನದ ಮಟ್ಟಿಗೆ ಗಂಡುಡುಗೆಯನ್ನು ತೊಟ್ಟು ತನ್ನೂರಿನ ಎಲ್ಲೆಯನ್ನು ದಾಟಿದಳೆಂದರೆ, ಆ ಒಂದು ಸುಳ್ಳನ್ನು ಧರ್ಮವು ಯಾವ ತಕ್ಕಡಿಯಲ್ಲಿಟ್ಟು ತೂಗಬೇಕು?

ಪ್ರಿಯನೊಡನೆ ಹೊರಟುಹೋದವಳ ಪರವಾಗಿ ವಾದಿಸಲು ಕಾವ್ಯಗಳಿವೆ. ಶಿಶುಪಾಲನನ್ನು ಒಲ್ಲದ ರುಕ್ಮಿಣಿ ದ್ವಾರಕೆಗೆ ಓಲೆಯನ್ನು ಕಳುಹಿಸಿದ ಪ್ರಸಂಗವನ್ನು ಹರಿಕಥೆಯಲ್ಲಿ ಕೇಳಿ ಕಣ್ಣೊದ್ದೆ ಮಾಡಿಕೊಂಡ ತಂದೆತಾಯಿಗಳು ನಮ್ಮಲ್ಲಿ ಎಷ್ಟು ಮಂದಿ! ಆದರೆ ಯಾವ ಮನುಷ್ಯನಿಗಾಗಿಯೂ ಅಲ್ಲದೆ, ದೇವರಿಗೆ ತಾನು ಕೊಟ್ಟ ಮಾತಿಗಾಗಿಯೇ ಮನೆಯನ್ನು ತೊರೆದವಳ ವಿಷಯದಲ್ಲಿ ಸಮಸ್ಯೆಯು ಹೆಚ್ಚು ಕಠಿನವಾಗುತ್ತದೆ. ಅವಳು ಹೊರಟಿರುವುದು ಸತ್ಯದ ಕಡೆಗೆ. ತೊಟ್ಟಿರುವುದು ಅನ್ಯರ ವೇಷವನ್ನು. ಗುರಿಯು ಶುದ್ಧವಾಗಿರುವಾಗ ದಾರಿಯು ಅಶುದ್ಧವಾಗಬಹುದೆ ಎಂಬ ಹಳೆಯ ಪ್ರಶ್ನೆಯು ಇಲ್ಲಿ ಗ್ರಂಥದ ಪುಟದಿಂದ ಎದ್ದು ಬಂದು, ನಡುಗುವ ಕೈಗಳ ಒಬ್ಬ ಹುಡುಗಿಯಾಗಿ ನಮ್ಮೆದುರಿಗೆ ನಿಲ್ಲುತ್ತದೆ.

ಅಂತಹ ಹುಡುಗಿಯೊಬ್ಬಳ ಚರಿತ್ರೆಯು ಹನ್ನೆರಡನೆಯ ಶತಮಾನದ ಇಂಗ್ಲೆಂಡಿನಿಂದ ನಮಗೆ ಉಳಿದು ಬಂದಿದೆ. ಅದನ್ನು ಲ್ಯಾಟಿನ್ ಭಾಷೆಯಲ್ಲಿ ಬರೆದವನು ಸೇಂಟ್ ಆಲ್ಬನ್ಸ್ ಮಠದ ಒಬ್ಬ ಸಂನ್ಯಾಸಿ. ಅವನು ತನ್ನ ಹೆಸರನ್ನು ಹೇಳಿಕೊಂಡಿಲ್ಲ. ಆದರೆ ಅವಳನ್ನು ಕಣ್ಣಾರೆ ಕಂಡು, ಅವಳ ಬಾಯಿಂದಲೇ ಕೇಳಿ ಬರೆದವನೆಂಬುದು ಪ್ರತಿಯೊಂದು ಪುಟದಲ್ಲಿಯೂ ತೋರುತ್ತದೆ. ಉಳಿದಿರುವ ಏಕಮಾತ್ರ ಹಸ್ತಪ್ರತಿಯು 1731ರಲ್ಲಿ ಲಂಡನಿನ ಗ್ರಂಥಭಂಡಾರವೊಂದಕ್ಕೆ ಬಿದ್ದ ಬೆಂಕಿಯಲ್ಲಿ ಸೀದು ಕುಗ್ಗಿಹೋಗಿದ್ದಿತು. ಟಾಲ್ಬಟ್ ಎಂಬ ವಿದ್ವಾಂಸರು ಅದನ್ನು ಓದಿ, ಪರಿಷ್ಕರಿಸಿ, 1959ರಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು.

ಹುಡುಗಿಯ ಹೆಸರು ಥಿಯೊಡೋರಾ. ಮುಂದೆ ಲೋಕವು ಅವಳನ್ನು ಅರಿತದ್ದು ಕ್ರಿಸ್ಟೀನಾ ಎಂಬ ಹೆಸರಿನಿಂದ. ಹಂಟಿಂಗ್ಡನ್ ಪಟ್ಟಣದ ಸಿರಿವಂತ ಆಂಗ್ಲೋ-ಸ್ಯಾಕ್ಸನ್ ಮನೆತನದ ಔಟಿ ಮತ್ತು ಬಿಯಾಟ್ರಿಕ್ಸ್ ಎಂಬವರ ಮಗಳು. ಎಳೆಯ ವಯಸ್ಸಿನಲ್ಲಿ ತಂದೆತಾಯಿಗಳೊಡನೆ ಸೇಂಟ್ ಆಲ್ಬನ್ಸ್ ಮಠಕ್ಕೆ ಹೋಗಿದ್ದಾಗ, ಯಾರಿಗೂ ಹೇಳದೆ, ಮಠದ ಬಾಗಿಲಿನ ಮೇಲೆ ತನ್ನ ಉಗುರಿನಿಂದ ಶಿಲುಬೆಯ ಗುರುತನ್ನು ಗೀರಿದಳು. ಮರುದಿನ ಪೂಜೆಯ ಸಮಯದಲ್ಲಿ ಒಂದು ಪೆನ್ನಿಯನ್ನು ಕಾಣಿಕೆಯಿಟ್ಟು ಜೀವಮಾನವೆಲ್ಲ ಕನ್ಯೆಯಾಗಿ ದೇವರಿಗೇ ಸಲ್ಲುವೆನೆಂದು ಮನಸ್ಸಿನಲ್ಲಿ ವ್ರತತೊಟ್ಟಳು. ಅವಳ ಪಾಲಿಗೆ ವಾಗ್ದಾನವು ಅಂದೇ ಆಗಿಹೋಯಿತು.

ಡರಮಿನ ಬಿಷಪ್ ರಾನುಲ್ಫ್ ಫ್ಲ್ಯಾಂಬಾರ್ಡ್ ಎಂಬವನು ಆ ಕುಟುಂಬಕ್ಕೆ ಪರಿಚಿತನಾಗಿದ್ದನು; ಅವಳ ಚಿಕ್ಕಮ್ಮನೇ ಅವನ ಉಪಪತ್ನಿಯಾಗಿದ್ದವಳು. ಅವನು ಹುಡುಗಿಯನ್ನು ಕೋಣೆಗೆ ಕರೆಸಿಕೊಂಡು ಕೆಡಿಸಲೆಳಸಿದಾಗ ಅವಳು, ಬಾಗಿಲ ಅಗುಳಿಯನ್ನು ಹಾಕಿ ಬರುವೆನೆಂದು ಹೇಳಿ, ಹೊರಕ್ಕೆ ಬಂದು ಹೊರಗಿನಿಂದ ಅಗುಳಿ ಹಾಕಿ ಓಡಿದಳು. ಸೋತುಹೋದ ಆ ದೊಡ್ಡ ಮನುಷ್ಯನು ಸೇಡನ್ನು ತೀರಿಸಿಕೊಂಡ ಬಗೆ ಯೋಚನೆಗೆ ಯೋಗ್ಯವಾದುದು: ಬರ್ತ್ರೆಡ್ ಎಂಬ ಕುಲೀನ ತರುಣನನ್ನು ಪ್ರೇರಿಸಿ ಅವಳ ಕೈಹಿಡಿಯಲು ಕೇಳಿಕೊಳ್ಳುವಂತೆ ಮಾಡಿದನು. ಅವಳ ಕನ್ಯಾವ್ರತವನ್ನು ಅನ್ಯಾಯದಿಂದ ಮುರಿಯಲಾಗದಿದ್ದರೆ ನ್ಯಾಯದ ವೇಷದಲ್ಲಿ ಮುರಿಯೋಣವೆಂಬುದು ಅವನ ಹಂಚಿಕೆ. ಈ ಕಥೆಯಲ್ಲಿ ಮೊತ್ತಮೊದಲು ಮಾರುವೇಷವನ್ನು ತೊಟ್ಟುಕೊಂಡುದು ಕ್ರಿಸ್ಟೀನಾ ಅಲ್ಲ, ಆ ವಿವಾಹಪ್ರಸ್ತಾಪವೇ ಎಂಬುದನ್ನು ನಾವು ಮರೆಯಲಾಗದು.

ತಂದೆತಾಯಿಗಳು ಒಪ್ಪಿದರು, ಮಗಳು ಒಪ್ಪಲಿಲ್ಲ. ಉಡುಗೊರೆ, ಮುಖಸ್ತುತಿ, ಬೆದರಿಕೆಗಳೆಲ್ಲ ನಡೆದುವು. ಕಡೆಗೊಂದು ದಿನ ಚರ್ಚಿನಲ್ಲಿ ಎಲ್ಲರೂ ಏಕಕಾಲಕ್ಕೆ ಮುತ್ತಿಕೊಂಡು ಒತ್ತಾಯಿಸಿದಾಗ ಅವಳ ಬಾಯಿ ಸೋತು ಹೂಂಗುಟ್ಟಿತು; ನಿಶ್ಚಯವು ಮುಗಿಯಿತು. ಆಮೇಲೆ ಅವಳು ಗಂಡನ ಮನೆಗೆ ಹೋಗಲೊಲ್ಲದಿದ್ದಾಗ ತಾಯಿಯು ಕೂದಲು ಕೀಳುವಂತೆ ಹಿಡಿದೆಳೆದು ಹೊಡೆದಳು. ತಂದೆಯು ಮೈಮೇಲಿನ ಬಟ್ಟೆಯನ್ನು ಕಸಿದು ರಾತ್ರಿಯಲ್ಲಿ ಮನೆಯಿಂದ ಹೊರದೂಡಹೊರಟನು. ಒಂದು ರಾತ್ರಿ ಅವರೇ ಬರ್ತ್ರೆಡನನ್ನು ಅವಳ ಕೋಣೆಯೊಳಕ್ಕೆ ಬಿಟ್ಟರು. ಅವಳು ಎಚ್ಚರವಾಗಿದ್ದು, ಅವನನ್ನು ಹತ್ತಿರ ಕೂರಿಸಿಕೊಂಡು, ಗಂಡನೊಡನೆ ಬ್ರಹ್ಮಚರ್ಯದಿಂದ ಬಾಳಿದ ಸಂತ ಸಿಸಿಲಿಯಾಳ ಕಥೆಯನ್ನು ಹೇಳುತ್ತ ರಾತ್ರಿಯ ಬಹುಭಾಗವನ್ನು ಕಳೆದಳು. ಇನ್ನೊಂದು ರಾತ್ರಿ ಅವರು ಬಂದಾಗ ಅವಳು ಗೋಡೆಗೂ ಗೋಡೆಯ ಮುಂದಿನ ತೆರೆಗೂ ನಡುವೆ, ಒಂದು ಮೊಳೆಯನ್ನು ಕೈಯಿಂದ ಹಿಡಿದು ಜೋತಾಡುತ್ತಿದ್ದಳು. ದೀಪ ಹಿಡಿದು ಹುಡುಕಿದವರಲ್ಲಿ ಒಬ್ಬನ ಕೈಗೆ ತೆರೆಯ ಮೇಲಿನಿಂದಲೇ ಅವಳ ಪಾದವು ಸಿಕ್ಕಿತು. ಬಟ್ಟೆಯು ದಪ್ಪನಾಗಿದ್ದುದರಿಂದ ಅದೇನೆಂದು ತಿಳಿಯದೆ ಅವನು ಕೈಬಿಟ್ಟನು.

ನಮ್ಮ ಮದುವೆಗಳಲ್ಲಿ ವಧೂವರರ ನಡುವೆ ಅಂತಃಪಟವನ್ನು ಹಿಡಿಯುತ್ತಾರೆ. ಮುಹೂರ್ತದ ಗಳಿಗೆಯಲ್ಲಿ ಅದು ಸರಿಯುತ್ತದೆ, ಜೀರಿಗೆ ಬೆಲ್ಲ ತಲೆಗಳ ಮೇಲೆ ಬೀಳುತ್ತದೆ, ಓಲಗದ ಸದ್ದು ಮುಗಿಲಿಗೇರುತ್ತದೆ. ಬಹುಮಂದಿಗೆ ಅದು ಜೀವನದ ಸುಂದರತಮ ಕ್ಷಣ, ನಾನದನ್ನು ಅಲ್ಲಗಳೆಯುವವನಲ್ಲ. ಆದರೆ ಆ ಪಟದ ಆಚೆಗೆ ನಿಂತವಳ ಎದೆಯಲ್ಲಿ ಏನು ನಡೆಯುತ್ತಿದೆಯೆಂದು ಕೇಳುವ ಮಂತ್ರವು ಯಾವುದು? ಮನುವೇ ಮೊದಲಾದ ಸ್ಮೃತಿಕಾರರು ವಿವಾಹಗಳನ್ನು ಎಂಟು ಬಗೆಯಾಗಿ ವಿಂಗಡಿಸಿದರು. ಅಳುತ್ತ ಕೂಗಿಕೊಳ್ಳುತ್ತ ಇರುವ ಕನ್ಯೆಯನ್ನು ಅವಳ ಮನೆಯಿಂದ ಹೊರಗಿನವನು ಬಲಾತ್ಕಾರವಾಗಿ ಒಯ್ದರೆ ಅದಕ್ಕೆ ರಾಕ್ಷಸವಿವಾಹವೆಂದು ಹೆಸರಿಟ್ಟರು. ಅಳುತ್ತಿರುವ ಕನ್ಯೆಯನ್ನು ಅವಳ ಮನೆಯವರೇ ಬಲಾತ್ಕಾರವಾಗಿ ಕೊಟ್ಟರೆ ಅದಕ್ಕೆ ಪ್ರತ್ಯೇಕವಾದ ಹೆಸರನ್ನು ಅವರು ಇಡಲಿಲ್ಲ. ಹೊರಗಿನವನ ಕೈಯಲ್ಲಿ ಕೇಳಿಸುವ ಅಳು ತಂದೆಯ ಕೈಯಲ್ಲಿ ಕೇಳಿಸದೆ ಹೋಗುವುದೇಕೆ? ಅದೇ ಮನು, ವ್ಯವಹಾರಪ್ರಕರಣದಲ್ಲಿ, ಬಲಾತ್ಕಾರದಿಂದ ಕೊಡಿಸಿದ್ದು, ಬಲಾತ್ಕಾರದಿಂದ ಬರೆಯಿಸಿದ್ದು ಎಲ್ಲವೂ ಮಾಡದೆ ಇದ್ದುದಕ್ಕೆ ಸಮಾನವೆಂದು ವಿಧಿಸಿದ್ದಾನೆ. ಹೊಲದ ಕ್ರಯಪತ್ರಕ್ಕೆ ಸಲ್ಲುವ ಈ ನ್ಯಾಯವು ಹೆಣ್ಣಿನ ಬಾಯಿಂದ ಹೊರಡಿಸಿದ ಒಂದು ಹೂಂಕಾರಕ್ಕೆ ಏಕೆ ಸಲ್ಲಬಾರದು? ಕ್ರಿಸ್ಟೀನಾಳ ಕಾಲದಲ್ಲಿಯೇ ಯೂರೋಪಿನ ಧರ್ಮಶಾಸ್ತ್ರಜ್ಞರೂ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿದ್ದರು. ವಧೂವರರ ಸಮ್ಮತಿಯಿಲ್ಲದೆ ವಿವಾಹವೇ ಇಲ್ಲವೆಂಬ ಸಿದ್ಧಾಂತವು ಸುಮಾರು 1140ರಲ್ಲಿ ಗ್ರೇಷಿಯನ್ ಸಂಕಲಿಸಿದ ಗ್ರಂಥದಿಂದ ಮುಂದಕ್ಕೆ ಬಲಗೊಳ್ಳುತ್ತ ಹೋಯಿತು. ಆದರೆ ಹಂಟಿಂಗ್ಡನ್ನಿನ ಆ ಮನೆಗೆ ಗ್ರಂಥದ ಬೆಳಕು ತಲುಪುವ ಮೊದಲೇ ಹುಡುಗಿಯು ಹೊರಡಬೇಕಾಗಿತ್ತು. ಲಿಂಕನ್ನಿನ ಬಿಷಪ್ಪನು ಮೊದಲು ಅವಳ ಪರವಾಗಿ ತೀರ್ಪಿತ್ತು, ಲಂಚ ತಿಂದ ಮೇಲೆ ತೀರ್ಪನ್ನು ತಿರುಗಿಸಿದ್ದನು. ನೆಟ್ಟನೆಯ ದಾರಿಗಳೆಲ್ಲವನ್ನೂ ಅವಳು ನಡೆದು ನೋಡಿ ಆಗಿತ್ತು.

ಎಡ್ವಿನ್ ಎಂಬ ಏಕಾಂತವಾಸಿಯ ಸಹಾಯದಿಂದ, ಸುಮಾರು 1115ರಲ್ಲಿ, ತಂದೆತಾಯಿಗಳು ಊರಿನಲ್ಲಿಲ್ಲದ ಒಂದು ದಿನ ಅವಳು ಹೊರಟಳು. ಎಡ್ವಿನನ ಕಡೆಯ ಲೋರಿಕ್ ಎಂಬ ಹುಡುಗನು ಎರಡು ಕುದುರೆಗಳೊಡನೆ ಹೊಲದಲ್ಲಿ ಕಾದಿದ್ದನು. ಗಂಡುಡುಗೆಯನ್ನು ಅವಳು ತನ್ನ ನಿಲುವಂಗಿಯ ಒಳಗೆ ಬಚ್ಚಿಟ್ಟುಕೊಂಡು ನಡೆಯುತ್ತಿರುವಾಗ ಅದರ ಒಂದು ತೋಳು ಜಾರಿ ನೆಲಕ್ಕೆ ಇಳಿಬಿದ್ದಿತು. ಜೊತೆಯಲ್ಲಿದ್ದ ಸೋದರಿ ಮಟಿಲ್ಡಾ ಅದೇನೆಂದು ಕೇಳಿದಳು. ಚರಿತ್ರಕಾರನು ಈ ಗಳಿಗೆಯನ್ನು ಬಿಡದೆ ಬರೆದಿಟ್ಟಿದ್ದಾನೆ: ಕ್ರಿಸ್ಟೀನಾ ಕಳವಳವನ್ನು ತೋರಗೊಡದೆ, ತನಗೆ ತೊಡಕಾಗುತ್ತಿದೆ, ಮನೆಗೆ ಹೋಗುವಾಗ ಕೊಂಡುಹೋಗೆಂದು ಒಂದು ಮುಸುಕುಬಟ್ಟೆಯನ್ನು ಸೋದರಿಯ ಕೈಗಿತ್ತಳು; ಅದರೊಡನೆ ತಂದೆಯ ಬೀಗದಕೈಗಳನ್ನೂ ಕೊಟ್ಟು, ಅಪ್ಪ ಬಂದು ಪೆಟ್ಟಿಗೆಯಿಂದ ಏನನ್ನಾದರೂ ತೆಗೆಯಬೇಕೆಂದರೆ ಬೀಗದಕೈ ಇಲ್ಲವೆಂದು ಸಿಟ್ಟಾಗಬಾರದಲ್ಲ ಎಂದಳು. ತನ್ನನ್ನು ಹೊಡೆದು ಹೊರದೂಡಹೊರಟ ತಂದೆಗೆ ಅವನ ಬೀಗದಕೈಗಳನ್ನು ಮರೆಯದೆ ಮರಳಿಸಿ ಓಡುತ್ತಿರುವ ಆ ಮಗಳನ್ನು ನೆನೆದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ. ಅವಳು ಆ ಮನೆಯಿಂದ ತೆಗೆದುಕೊಂಡು ಹೋದದ್ದು ತನ್ನನ್ನು ಮಾತ್ರ. ಕುದುರೆಯ ಬಳಿಗೆ ಬಂದು ಲಜ್ಜೆಯಿಂದ ಒಂದು ಕ್ಷಣ ಹಿಂಜರಿದಳೆಂದೂ, ಆಮೇಲೆ ತನಗೆ ತಾನೇ ಧೈರ್ಯ ಹೇಳಿಕೊಂಡು ಗಂಡಸಿನಂತೆ ಹತ್ತಿ ಕುಳಿತಳೆಂದೂ ಚರಿತ್ರೆಯು ಹೇಳುತ್ತದೆ. ಮೂವತ್ತು ಮೈಲಿಗೂ ಮೀರಿದ ದಾರಿಯನ್ನು ಒಂದೇ ಓಟದಲ್ಲಿ ಕಳೆದು ಫ್ಲ್ಯಾಮ್‌ಸ್ಟೆಡ್ಡಿನಲ್ಲಿದ್ದ ಆಲ್ಫ್ವೆನ್ ಎಂಬ ತಪಸ್ವಿನಿಯ ಗುಡಿಸಲನ್ನು ಸೇರಿದಳು. ಅದೇ ದಿನ ಗಂಡುಡುಗೆಯನ್ನು ಕಳಚಿ, ರೇಷ್ಮೆಗೂ ತುಪ್ಪುಳಿಗೂ ಒಗ್ಗಿದ್ದ ಮೈಗೆ ತಪಸ್ವಿನಿಯರ ಒರಟು ಬಟ್ಟೆಯನ್ನು ತೊಟ್ಟಳು.

ಈಗ ಪ್ರಶ್ನೆಗೆ ಮರಳೋಣ. ಅವಳ ಮತದ ಧರ್ಮಗ್ರಂಥದಲ್ಲಿಯೇ ಹೆಂಗಸು ಗಂಡಸಿನ ಉಡುಪನ್ನು ಧರಿಸಬಾರದೆಂಬ ನಿಷೇಧವಿದೆ. ನಾಲ್ಕನೆಯ ಶತಮಾನದಲ್ಲಿ ಗಂಗ್ರಾ ನಗರದಲ್ಲಿ ಸೇರಿದ ಧರ್ಮಸಭೆಯು ವೈರಾಗ್ಯದ ನೆಪದಿಂದ ಗಂಡುಡುಗೆಯನ್ನು ತೊಡುವ ಸ್ತ್ರೀಯರನ್ನು ಬಹಿಷ್ಕಾರಕ್ಕೆ ಗುರಿಮಾಡಿತು. ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸನು, ಶತ್ರುಗಳಿಂದ ಮರೆಯಾಗುವುದೇ ಮೊದಲಾದ ಅಗತ್ಯಗಳಲ್ಲಿ ಇದು ಪಾಪವಲ್ಲವೆಂದು ಬಾಗಿಲನ್ನು ಸ್ವಲ್ಪ ತೆರೆದನು. ಆದರೆ ಉಡುಪಿನ ನಿಷೇಧವು ಈ ಸಮಸ್ಯೆಯ ಹೊರಗಿನ ಸಿಪ್ಪೆ. ತಿರುಳಿರುವುದು ಸುಳ್ಳಿನಲ್ಲಿ; ಕಾಣುವವನ ಕಣ್ಣಿಗೆ ಇಲ್ಲದ್ದನ್ನು ಇದೆಯೆಂದು ತೋರಿಸಿ ಅವನನ್ನು ದಾರಿತಪ್ಪಿಸುವುದರಲ್ಲಿ.

ಓಡಿಬಂದವರು ಅಡಗಿರುವ ಮೂರು ಬಾಗಿಲುಗಳು ಇಲ್ಲಿ ನನ್ನ ನೆನಪಿಗೆ ಬರುತ್ತವೆ. ಮೊದಲನೆಯದು ಕರ್ಣಪರ್ವದಲ್ಲಿ ಶ್ರೀಕೃಷ್ಣನು ಅರ್ಜುನನಿಗೆ ಹೇಳಿದ ಕೌಶಿಕನೆಂಬ ತಪಸ್ವಿಯದು. ಯಾವಾಗಲೂ ಸತ್ಯವನ್ನೇ ನುಡಿಯುವೆನೆಂದು ವ್ರತಹಿಡಿದಿದ್ದ ಅವನು, ಕಳ್ಳರು ಬಂದು ಕೇಳಿದಾಗ, ಪ್ರಾಣಭಯದಿಂದ ಓಡಿಬಂದವರು ಹೊಕ್ಕ ಕಾಡನ್ನು ತೋರಿಸಿಕೊಟ್ಟನು, ಅವರೆಲ್ಲರೂ ಹತರಾದರು, ಸತ್ಯವ್ರತನಾದ ಕೌಶಿಕನು ನರಕಕ್ಕೆ ಹೋದನು. ಎರಡನೆಯದು ತಗಾಸ್ಟೆಯ ಬಿಷಪ್ ಫಿರ್ಮಸನದು. ಅವನ ಕಥೆಯನ್ನು ಹೇಳಿದವನು ಯಾವ ಕಾರಣಕ್ಕೂ ಸುಳ್ಳನ್ನು ಒಪ್ಪದಿದ್ದ ಸಂತ ಅಗಸ್ಟೀನನು. ಚಕ್ರವರ್ತಿಯ ಭಟರು ಬಂದು ಅಡಗಿಸಿಟ್ಟ ಮನುಷ್ಯನನ್ನು ಕೇಳಿದಾಗ ಫಿರ್ಮಸನು, ತಾನು ಸುಳ್ಳನ್ನೂ ಹೇಳಲಾರೆನು, ಅವನನ್ನೂ ಹಿಡಿದುಕೊಡಲಾರೆನು ಎಂದು ಹೇಳಿ ಚಿತ್ರಹಿಂಸೆಯನ್ನು ಸಹಿಸಿದನು. ಕಡೆಗೆ ಚಕ್ರವರ್ತಿಯೇ ಮೆಚ್ಚಿ ಆ ಮನುಷ್ಯನನ್ನು ಕ್ಷಮಿಸಿದನಂತೆ. ಮೂರನೆಯದು ಆಲ್ಫ್ವೆನಳ ಬಾಗಿಲು. ಹುಡುಕುತ್ತ ಬಂದ ಬರ್ತ್ರೆಡನಿಗೆ ಆಕೆ, ಗಂಡಂದಿರನ್ನು ಬಿಟ್ಟು ಓಡಿಬಂದ ಹೆಂಡತಿಯರಿಗೆ ಆಶ್ರಯ ಕೊಡುವ ಪದ್ಧತಿಯು ನಮ್ಮಲ್ಲಿಲ್ಲವೆಂದು ಹೇಳಿ ಕಳುಹಿಸಿದಳು.

ಫಿರ್ಮಸನ ಉತ್ತರವು ಎಲ್ಲಕ್ಕಿಂತ ಎತ್ತರವಾದುದೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದರ ಬೆಲೆಯನ್ನು ತೆತ್ತವನು ಅವನೇ ಆದ್ದರಿಂದ ಅದು ಎತ್ತರವಾಯಿತು. ಆಲ್ಫ್ವೆನಳು ಅಂತಹುದೇ ಉತ್ತರವನ್ನಿತ್ತಿದ್ದರೆ ಬೆಲೆಯನ್ನು ತೆರಬೇಕಾಗಿದ್ದವಳು ಒಳಗೆ ಅಡಗಿದ್ದ ಹುಡುಗಿ. ಪರರ ಪ್ರಾಣವನ್ನೋ ಮಾನವನ್ನೋ ಒತ್ತೆಯಿಟ್ಟು ನಮ್ಮ ಸತ್ಯವನ್ನು ಉಳಿಸಿಕೊಳ್ಳುವುದಾದರೆ ಕೌಶಿಕನಿಗೂ ನಮಗೂ ಏನು ಭೇದ? ಇಷ್ಟಕ್ಕೂ ಆಲ್ಫ್ವೆನಳ ಮಾತನ್ನು ಸುಳ್ಳೆಂದು ಕರೆಯಲು ನನ್ನ ನಾಲಗೆ ಏಳುವುದಿಲ್ಲ. ಒಳಗಿದ್ದವಳು ಹೆಂಡತಿಯೇ ಅಲ್ಲವೆಂಬುದೇ ಆಕೆಯ ಸಾಕ್ಷ್ಯ. ಸಮ್ಮತಿಯಿಲ್ಲದೆಡೆ ವಿವಾಹವಿಲ್ಲವೆಂದು ವಿದ್ವಾಂಸರು ಗ್ರಂಥಗಳಲ್ಲಿ ಸ್ಥಾಪಿಸಿದ ಸಿದ್ಧಾಂತವನ್ನು ಆ ಮುದುಕಿ ತನ್ನ ಗುಡಿಸಲಿನ ಹೊಸ್ತಿಲ ಮೇಲೆ ನಿಂತು ಒಂದೇ ಮಾತಿನಲ್ಲಿ ಹೇಳಿಬಿಟ್ಟಳು.

ಸತ್ಯವನ್ನು ತಿಳಿಯುವುದಕ್ಕೂ ಒಂದು ಅಧಿಕಾರವುಂಟು. ನನ್ನನ್ನು ಹಿಂಸಿಸುವುದಕ್ಕಾಗಿಯೇ ನಾನಿರುವೆಡೆಯನ್ನು ಕೇಳುವವನು, ಕೇಳಿದ ಗಳಿಗೆಯಲ್ಲಿಯೇ ಆ ಅಧಿಕಾರವನ್ನು ಕಳೆದುಕೊಳ್ಳುತ್ತಾನೆ. ಹಾಗಿಲ್ಲದೆ ಇದ್ದಿದ್ದರೆ ಪಾಂಡವರ ಅಜ್ಞಾತವಾಸಕ್ಕೆ ಸಮರ್ಥನೆಯು ಎಲ್ಲಿಂದ ಬರಬೇಕು? ಸತ್ಯಸಂಧನೆನಿಸಿದ ಯುಧಿಷ್ಠಿರನು ಕಂಕನೆಂಬ ಹೆಸರಿನಿಂದ ವಿರಾಟನ ಸಭೆಯನ್ನು ಹೊಕ್ಕನು. ಅರ್ಜುನನು ಬೃಹನ್ನಳೆಯಾಗಿ ಕಾಲಿಗೆ ಗೆಜ್ಜೆ ಕಟ್ಟಿದನು. ಯಕ್ಷರೂಪದಲ್ಲಿ ಬಂದಿದ್ದ ಧರ್ಮದೇವತೆಯಿಂದಲೇ ಯುಧಿಷ್ಠಿರನು, ಯಾರೂ ತಮ್ಮ ಗುರುತನ್ನು ಹಿಡಿಯದಂತಾಗಲೆಂಬ ವರವನ್ನು ಪಡೆದಿದ್ದನು. ಮಾರುವೇಷಕ್ಕೆ ವರವನ್ನಿತ್ತವನು ಸ್ವಯಂ ಧರ್ಮ. ಆದರೆ ಒಂದು ವರ್ಷಕ್ಕೆ ಮಾತ್ರ.

ಈ ಅವಧಿಯ ಮಾತು ಮುಖ್ಯವೆಂದು ನನಗೆ ತೋರುತ್ತದೆ. ವೇಷವು ದಾರಿಗೆ ಸಲ್ಲುತ್ತದೆ, ಮನೆಗೆ ಸಲ್ಲದು. ಸೇಂಟ್ ಆಲ್ಬನ್ಸ್ ಮಠದಲ್ಲಿ ಆ ಕಾಲದಲ್ಲಿ ರಚಿತವಾಗಿ ಕ್ರಿಸ್ಟೀನಾಳಿಗೆ ಸಂಬಂಧಿಸಿದುದೆಂದು ವಿದ್ವಾಂಸರು ಭಾವಿಸುವ, ಈಗ ಜರ್ಮನಿಯ ಹಿಲ್ಡೆಸ್‌ಹೈಮಿನಲ್ಲಿರುವ ಸ್ತೋತ್ರಗ್ರಂಥವೊಂದರಲ್ಲಿ ಸಂತ ಅಲೆಕ್ಸಿಸನ ಕಥೆಯನ್ನು ಹಳೆಯ ಫ್ರೆಂಚ್ ಪದ್ಯದಲ್ಲಿ ಬರೆದಿದ್ದಾರೆ. ರೋಮಿನ ಸಿರಿವಂತನ ಮಗನಾದ ಅಲೆಕ್ಸಿಸನು ತಂದೆಯು ಗೊತ್ತುಮಾಡಿದ ಮದುವೆಯ ರಾತ್ರಿಯೇ ವಧುವನ್ನು ಬಿಟ್ಟು ಹೊರಟು, ಪರದೇಶದಲ್ಲಿ ಭಿಕ್ಷುಕನಾಗಿ 17 ವರ್ಷಗಳನ್ನು ಕಳೆದು, ಮತ್ತೆ ಬಂದು ತನ್ನ ತಂದೆಯ ಮನೆಯ ಮೆಟ್ಟಿಲಿನ ಕೆಳಗೇ ಅಪರಿಚಿತನಾಗಿ ಇನ್ನೂ 17 ವರ್ಷ ಬಾಳಿದನು. ಆಳುಗಳು ಪಾತ್ರೆ ತೊಳೆದ ನೀರನ್ನು ತಲೆಯ ಮೇಲೆ ಚೆಲ್ಲಿದರೂ ಸಹಿಸಿದನು. ತಾಯಿಯೂ ಹೆಂಡತಿಯೂ ಅವನಿಗಾಗಿ ಅಳುತ್ತಿದ್ದುದನ್ನು ದಿನವೂ ಕೇಳಿದನು. ಸತ್ತ ಮೇಲೆ ಕೈಯಲ್ಲಿದ್ದ ಪತ್ರದಿಂದ ಗುರುತು ತಿಳಿಯಿತು. ಆ ವೈರಾಗ್ಯದ ಕಾಠಿನ್ಯಕ್ಕೆ ತಲೆಬಾಗುತ್ತೇನೆ. ಆದರೂ ಕ್ರಿಸ್ಟೀನಾಳ ವೇಷಕ್ಕೆ ನೀಡಿದ ಸಮರ್ಥನೆಯನ್ನು ಇದಕ್ಕೆ ನೀಡಲಾರೆನು. ಆ ವಧುವು ಅವನನ್ನು ಹಿಂಸಿಸಲು ಹುಡುಕುತ್ತಿರಲಿಲ್ಲ. ಅವನು ಬದುಕಿರುವನೆಂಬ ಒಂದು ಮಾತನ್ನು ತಿಳಿಯುವ ಅಧಿಕಾರವು ಅವಳಿಗಿತ್ತು.

ನಮ್ಮ ನೆಲದ ಬೌದ್ಧಕಥೆಯೊಂದು ಇದಕ್ಕಿಂತ ಮೃದುವಾಗಿದೆ. ಮುಂದೆ ಮಹಾಕಾಶ್ಯಪನೆನಿಸಿದ ಪಿಪ್ಪಲಿಗೂ ಭದ್ರಾ ಕಾಪಿಲಾನಿಗೂ ಹಿರಿಯರು ಮದುವೆಯನ್ನು ನಿಶ್ಚಯಿಸಿದರು. ಇಬ್ಬರಿಗೂ ಸಂಸಾರದಲ್ಲಿ ಒಲವಿಲ್ಲ. ನನ್ನನ್ನು ಬಿಟ್ಟುಬಿಡೆಂದು ಅವನು ಅವಳಿಗೂ ಅವಳು ಅವನಿಗೂ ಗುಟ್ಟಾಗಿ ಪತ್ರ ಕಳುಹಿಸಿದರು. ಎರಡು ಕಡೆಯ ದೂತರು ನಡುದಾರಿಯಲ್ಲಿ ಸಂಧಿಸಿ, ಪತ್ರಗಳನ್ನೊಡೆದು ಓದಿ, ಹರಿದೆಸೆದು, ಪ್ರೀತಿಯ ಮಾತುಗಳುಳ್ಳ ಬೇರೆ ಪತ್ರಗಳನ್ನು ತಾವೇ ಬರೆದು ತಲುಪಿಸಿದರು. ಸಾವಿರ ಸುಳ್ಳಿನ ಗಾದೆಯು ಅಲ್ಲಿಯೂ ಕೆಲಸಮಾಡಿತು! ಮದುವೆ ನಡೆಯಿತು, ದಂಪತಿಗಳು ಹಾಸಿಗೆಯ ನಡುವೆ ಹೂಮಾಲೆಯನ್ನಿಟ್ಟು ಮಲಗಿದರು. ಹಿರಿಯರು ತೀರಿಕೊಂಡ ಮೇಲೆ ಒಬ್ಬರ ಕೂದಲನ್ನೊಬ್ಬರು ಕತ್ತರಿಸಿ, ಕಾಷಾಯವನ್ನುಟ್ಟು, ಮಣ್ಣಿನ ಪಾತ್ರೆಗಳನ್ನು ಹೆಗಲಿಗೆ ಹಾಕಿಕೊಂಡು ಯಾರಿಗೂ ತಿಳಿಯದಂತೆ ಹೊರಟರು. ಮನೆಯವರು ಅರಿಯಲಿಲ್ಲ, ಆದರೆ ಆಳುಗಳ ಹಳ್ಳಿಯನ್ನು ಹಾಯುವಾಗ ಆ ಜನ ನಡಿಗೆಯಿಂದಲೇ ಗುರುತು ಹಿಡಿದು ಕಾಲಿಗೆ ಬಿದ್ದು ಅತ್ತರು. ಮುಂದಿನ ಕವಲುದಾರಿಯಲ್ಲಿ ಅವರಿಬ್ಬರೂ ಒಬ್ಬರನ್ನೊಬ್ಬರು ಕೇಳಿ, ಒಪ್ಪಿ, ಅವನು ಬಲಕ್ಕೂ ಅವಳು ಎಡಕ್ಕೂ ತಿರುಗಿದರು. ಅಲೆಕ್ಸಿಸನು ಕೇಳದೆ ಹೋದ ಪ್ರಶ್ನೆಯನ್ನು ಇವರು ಕೇಳಿದರು.

ಇಷ್ಟನ್ನೆಲ್ಲ ಓದುವಾಗ ಕನ್ನಡಿಗನ ಮನಸ್ಸು ಉಡುತಡಿಯ ಕಡೆಗೆ ಹೋಗದೆ ಇರದು. ಕೌಶಿಕನೆಂಬ ಅರಸನ ಕೈಯಿಂದ ಬಿಡಿಸಿಕೊಂಡ ಮಹಾದೇವಿಯಕ್ಕ ಯಾವ ವೇಷವನ್ನೂ ತೊಡಲಿಲ್ಲ. ಇದ್ದ ಉಡುಗೆಯನ್ನೂ ಅವನಿಗೇ ಬಿಟ್ಟು, ಕೂದಲನ್ನೇ ಮರೆಮಾಡಿಕೊಂಡು ಕಲ್ಯಾಣಕ್ಕೂ ಅಲ್ಲಿಂದ ಶ್ರೀಶೈಲಕ್ಕೂ ಹಗಲು ಬೆಳಕಿನಲ್ಲಿ ನಡೆದಳು. ಅವಳ ಮುಂದೆ ಕ್ರಿಸ್ಟೀನಾಳ ಗಂಡುಡುಗೆಯು ಸಣ್ಣದಾಗಿ ಕಾಣುವುದು ಸಹಜ. ಆದರೂ ಅಕ್ಕನನ್ನು ಅಳತೆಗೋಲಾಗಿ ಹಿಡಿದು ಇತರ ಹೆಣ್ಣುಮಕ್ಕಳನ್ನು ಅಳೆಯುವುದು ಅನ್ಯಾಯ. ಬಿಡುಗಡೆ ಬೇಕಾದರೆ ಅಕ್ಕನಷ್ಟು ನಿರ್ಭಯಳಾಗೆಂದು ಹದಿನೆಂಟರ ಹುಡುಗಿಗೆ ಹೇಳುವ ಸಮಾಜವು, ಪ್ರತಿಯೊಬ್ಬಳಿಂದಲೂ ಪವಾಡವನ್ನು ಕೇಳಿ, ತಾನು ಮಾಡಬೇಕಾದ ನ್ಯಾಯವನ್ನು ಮಾಡದೆ ಕುಳಿತಿರುತ್ತದೆ.

ಆಲ್ಫ್ವೆನಳಲ್ಲಿ ಎರಡು ವರ್ಷ ಅಡಗಿದ್ದು, ಕ್ರಿಸ್ಟೀನಾ ಮಾರ್ಕ್ಯೇಟ್ ಎಂಬಲ್ಲಿದ್ದ ರೋಜರ್ ಎಂಬ ತಪಸ್ವಿಯ ಆಶ್ರಯಕ್ಕೆ ಬಂದಳು. ಅವನ ಪ್ರಾರ್ಥನಾಗೃಹಕ್ಕೆ ಅಂಟಿಕೊಂಡಂತೆ ಒಂದೂವರೆ ಗೇಣಿಗಿಂತ ಹೆಚ್ಚು ಅಗಲವಿಲ್ಲದ ಒಂದು ಸಂದು. ಅದರ ಬಾಯಿಗೆ ಮರದ ದಿಮ್ಮಿ. ಒಳಗೆ ಕೂರಲು ತಣ್ಣನೆಯ ಒಂದು ಕಲ್ಲು. ಚಳಿಗೆ ಇನ್ನೊಂದು ಬಟ್ಟೆಯನ್ನು ಹೊದೆಯುವಷ್ಟು ಎಡೆಯಿಲ್ಲ. ಬೇಸಗೆಯಲ್ಲಿ ಉಸಿರಾಡಲು ಗಾಳಿಯಿಲ್ಲ. ಒಳಗಿನಿಂದ ಅವಳು ದಿಮ್ಮಿಯನ್ನು ಸರಿಸಲಾರಳು; ಸಂಜೆಯಾಗಿ ರೋಜರನು ಬಂದು ಸರಿಸುವ ತನಕ ದೇಹಬಾಧೆಗೂ ಹೊರಬರುವಂತಿಲ್ಲ; ಕೂಗಿ ಕರೆಯುವಂತಿಲ್ಲ. ಹೀಗೆ ನಾಲ್ಕು ವರ್ಷ. ಮಾರುವೇಷದಲ್ಲಿ ಓಡಿಹೋದವಳು ಸುಖವನ್ನು ಅರಸಿ ಹೋದಳೆಂದು ಹೇಳುವವರು ಆ ಕಲ್ಲಿನ ಮೇಲೆ ಒಂದು ಹಗಲು ಕುಳಿತು ನೋಡಬೇಕು.

ಅವಳು ಆ ಮರೆಯಲ್ಲಿಯೇ ಉಳಿದುಬಿಡಲಿಲ್ಲ. ಕೊನೆಗೆ ಬರ್ತ್ರೆಡನೇ ತನ್ನ ಸೋದರರೊಡನೆ ರೋಜರನಲ್ಲಿಗೆ ಬಂದು, ಪಶ್ಚಾತ್ತಾಪಪಟ್ಟು, ಕ್ಷಮೆಯನ್ನು ಬೇಡಿ, ರೋಜರನ ಕೈಯಲ್ಲಿ ಕೈಯಿಟ್ಟು ಅವಳನ್ನು ಬಿಟ್ಟುಕೊಟ್ಟನು. ಯಾರ್ಕಿನ ಆರ್ಚ್‌ಬಿಷಪ್ ಥರ್ಸ್ಟನನು ಆ ಸಂಬಂಧವನ್ನು ರದ್ದುಗೊಳಿಸಿ, ಬರ್ತ್ರೆಡನಿಗೆ ಬೇರೆ ಮದುವೆಗೆ ಅನುಮತಿಯಿತ್ತನು. ಕ್ರಿಸ್ಟೀನಾ ಸೇಂಟ್ ಆಲ್ಬನ್ಸ್ ಮಠಕ್ಕೆ ಬಂದು, ತಾನು ಬಾಲ್ಯದಲ್ಲಿ ಗುಟ್ಟಾಗಿ ತೊಟ್ಟ ವ್ರತವನ್ನು ಬಿಷಪ್ಪನ ಎದುರಿನಲ್ಲಿ ಬಹಿರಂಗವಾಗಿ ಸ್ವೀಕರಿಸಿದಳು. ಅವಳು ಅಡಗಿದ್ದ ಮಾರ್ಕ್ಯೇಟಿನಲ್ಲಿಯೇ 1145ರಲ್ಲಿ ಸಂನ್ಯಾಸಿನಿಯರ ಮಠವೊಂದು ಸ್ಥಾಪಿತವಾಯಿತು. ಅದರ ಮೊದಲ ಮುಖ್ಯಸ್ಥೆ ಅವಳೇ.